ನೀಲಿ ಜಾಗದ ಅರವತ್ತೆರಡು ಮನೆ

ನಕ್ಷೆಯ ಬಿಳಿ ಅಂಚನ್ನು ಬ್ಲೇಡಿನಿಂದ ಕತ್ತರಿಸುತ್ತಿದ್ದೆ. ನೆಲದ ಮೇಲೆ ಹಾಳೆ ಹರಡಿ, ಕಬ್ಬಿಣದ ಸ್ಕೇಲನ್ನು ಮೊಣಕಾಲಿನಿಂದ ಒತ್ತಿ, ಉಸಿರು ಬಿಗಿಹಿಡಿದು ಒಂದೇ ಎಳೆತ. ನಡುವೆ ಕೈ ನಿಂತರೆ ಅಂಚು ಹಲ್ಲುಹಲ್ಲಾಗುತ್ತದೆ. ಹೀಗೆ ನಾಲ್ಕು ಹಾಳೆ ಕತ್ತರಿಸಿ ಅಂಟಿಸಿದರೆ ಇಡೀ ಊರು ಒಂದು ಮೇಜಿನಗಲ ಆಗುತ್ತದೆ. ನಾನು ಈ ಕಚೇರಿಯಲ್ಲಿ ಗುಡಿಸಿ ಒರೆಸುವವಳು. ಕೈ ನಡುಗುವುದಿಲ್ಲ, ಮಾತೂ ಆಡುವುದಿಲ್ಲ ಎಂದು ಈ ಕೆಲಸವನ್ನೂ ನನಗೇ ಹಚ್ಚಿದ್ದರು.

ಊರಿನಲ್ಲಿ ಯಾರು ಎಲ್ಲಿದ್ದಾರೆ, ಏನು ಕೆಲಸ ಮಾಡುತ್ತಾರೆ ಎಂದು ತೋರಿಸುವ ನಕ್ಷೆ ಅದು. ಕಚೇರಿಯವರಿಗೆ ಹಸಿರು, ಅಂಗಡಿಯವರಿಗೆ ಹಳದಿ, ಮೀನಿನ ಕೆಲಸದವರಿಗೆ ಕೇಸರಿ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ನಾಲ್ಕು ತಿಂಗಳು ಅಂಚು ಕತ್ತರಿಸಿ ನಕ್ಷೆ ಓದುವುದು ಬಂದಿತ್ತು. ಕೊನೆಯ ಹಾಳೆಯಲ್ಲಿ ಬಂದರು, ಐಸ್ ಕಾರ್ಖಾನೆ, ಸೇತುವೆ ಸಿಕ್ಕವು. ಸೇತುವೆ ದಾಟಿ ಎಡಕ್ಕೆ ತಿರುಗಿದರೆ ನಮ್ಮ ಕೇರಿ. ಬೆರಳನ್ನು ಅಲ್ಲಿಗೆ ನಡೆಸಿಕೊಂಡು ಹೋದೆ. ಅಲ್ಲಿ ಬರೀ ನೀಲಿ ಇತ್ತು. ಸಮುದ್ರಕ್ಕೆ ಹಾಕಿದ್ದ ಅದೇ ನೀಲಿ.

“ಏ ಮೀನು, ಅಲ್ಲೇನು ಮುಖ ನೋಡ್ಕೋತಿದೀಯ? ಕನ್ನಡಿ ಅಲ್ಲ ಅದು.”

ಕೂಗಿದವರು ನಕ್ಷೆ ಮಾಡಿಸುವ ಸಾಹೇಬರು. ನನಗೆ ಆ ಹೆಸರಿಟ್ಟವರೂ ಅವರೇ.

ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. “ಸಾರ್, ಇಲ್ಲಿ ನಮ್ಮನೆ ಇದೆ.”

“ಎಲ್ಲಿ?”

“ಈ ನೀಲಿ ಇರೋ ಕಡೆ. ಅರವತ್ತೆರಡು ಮನೆ ಇವೆ ಸಾರ್.”

“ಅದಕ್ಕೇ ಅಲ್ವಾ ನಿನ್ನ ಮೀನು ಅನ್ನೋದು,” ಎಂದು ಅವರು ಸುತ್ತ ನೋಡಿದರು. ಎಲ್ಲರೂ ನಕ್ಕರು.

ಕಂಪ್ಯೂಟರ್ ಮುಂದೆ ಕೂರುವ ಅಕ್ಕ ಒಬ್ಬರು ಮಾತ್ರ ನಗಲಿಲ್ಲ. ಮೇಲಿನಿಂದ ತೆಗೆದ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. “ಸಾರ್, ಇದು ನೀರಲ್ಲ ಅನ್ಸುತ್ತೆ. ಮೂಲೆಗಳು ಕಾಣ್ತಿವೆ.”

“ಅದು ನಮ್ಮ ಟಾರ್ಪಾಲು,” ಎಂದೆ. “ಹೋದ್ವರ್ಷ ಬಿರುಗಾಳಿಗೆ ಶೀಟು ಹಾರಿಹೋದಾಗ ಈ ಆಫೀಸಿಂದಾನೇ ಕೊಟ್ಟಿದ್ದು. ಎಲ್ಲರ ಮನೆ ಮೇಲೂ ಅದೇ ಇದೆ. ಮೂಲೇಲಿ ಆಫೀಸಿನ ಸೀಲಿದೆ ಸಾರ್.”

“ನೋಡಪ್ಪ. ಪುಕ್ಕಟೆ ಕೊಟ್ಟದ್ದನ್ನ ಎರಡು ದಿನಕ್ಕೇ ಹರಿದುಹಾಕೋ ಜನ, ಇದೊಂದನ್ನ ಮಾತ್ರ ಯಾಕೆ ಇಷ್ಟು ಜೋಪಾನ ಮಾಡಿದ್ರಿ? ನೀಲಿ ಕಂಡ್ರೆ ಕಂಪ್ಯೂಟರು ನೀರು ಅನ್ನುತ್ತೆ. ಅದರ ತಪ್ಪೇನು?”

“ಮನೆ ಮನೆಗೆ ಹೋಗಿ ಎಣಿಸ್ತಾರೆ ಅಂದಿದ್ರು.”

“ಚಿತ್ರದಲ್ಲಿ ಸೂರು ಕಂಡ ಕಡೆಗೆ ಎಣಿಸೋರನ್ನ ಕಳಿಸ್ತೀವಿ. ನೀರಿಗೆ ಕಳಿಸೋಕೆ ಅವ್ರಿಗೇನು ರೆಕ್ಕೆ ಇದೆಯಾ?”

ಅಕ್ಕ ಮೆಲ್ಲಗೆ ಹೇಳಿದರು, “ಫೋನುಗಳ ಸಿಗ್ನಲ್ ಲೆಕ್ಕದಲ್ಲೂ ಇಲ್ಲಿ ಜನ ಬರ್ತಿದಾರೆ ಸಾರ್. ಇನ್ನೂರಕ್ಕೂ ಮೇಲೆ ಫೋನು. ಬೆಳಗಿನ ಜಾವ ನಾಲ್ಕಕ್ಕೆ ಎಲ್ಲವೂ ಇಲ್ಲಿಂದ ಬಂದರಿಗೆ ಹೋಗ್ತವೆ, ಮಧ್ಯಾಹ್ನ ಮೂರಕ್ಕೆ ವಾಪಸ್ ಬರ್ತವೆ.”

“ದೋಣಿಯವ್ರು ಇರ್ಬೇಕು.”

“ದೋಣಿ ಆದ್ರೆ ಅಲ್ಲಾಡುತ್ತೆ ಸಾರ್. ಇವು ರಾತ್ರಿಯೆಲ್ಲ ಇದ್ದಲ್ಲೇ ಇರ್ತವೆ.”

“ಅಮ್ಮ ತಾಯಿ, ನಾಳೆ ದೊಡ್ಡ ಸಾಹೇಬ್ರು ಸಹಿ ಹಾಕೋಕೆ ಬರ್ತಿದಾರೆ. ನೀರಿನ ಮೇಲೆ ಮನುಷ್ಯರ ಚುಕ್ಕಿ ಇಟ್ರೆ ನನ್ನ ಮುಖಕ್ಕೆ ಉಗೀತಾರೆ. ತಪ್ಪು ಲೆಕ್ಕ ಅದು. ಅಳಿಸು.”

ಅಕ್ಕ ನನ್ನತ್ತ ಒಮ್ಮೆ ನೋಡಿದರು. ಆಮೇಲೆ ಒಂದು ಗುಂಡಿ ಒತ್ತಿದರು. ಪರದೆಯಲ್ಲಿ ನೀಲಿಯ ಮೇಲಿದ್ದ ಕೇಸರಿ ಚುಕ್ಕಿಗಳೆಲ್ಲ ಹೋದವು. ಅದರಲ್ಲಿ ಅಮ್ಮನದು ಯಾವುದು ಎಂದು ಹುಡುಕುವುದಕ್ಕೂ ಬಿಡಲಿಲ್ಲ.

ಸಹಿ ಆದ ನಕ್ಷೆಯಲ್ಲಿ ಮನೆ ಇದ್ದವರಿಗೆ ಸೇತುವೆಯ ಆಚೆ ಹೊಸ ಕಟ್ಟಡದಲ್ಲಿ ಒಂದೊಂದು ಕೋಣೆ. ಇಲ್ಲದವರಿಗೆ ಏನೂ ಇಲ್ಲ. ಬಂದರನ್ನು ಅಗಲ ಮಾಡಲು ಸೋಮವಾರ ಹೂಳೆತ್ತುವ ಯಂತ್ರ ನಮ್ಮ ಕಡೆಗೇ ಬರುತ್ತದೆ. ನೀರಿನಲ್ಲಿ ಹೂಳೆತ್ತಲು ಯಾರನ್ನೂ ಕೇಳಬೇಕಾಗಿಲ್ಲ.

ತಕರಾರು ಅರ್ಜಿ ಒಂದು ಕೇಳಿ ತೆಗೆದುಕೊಂಡೆ. ಮೊದಲ ಸಾಲಿನಲ್ಲೇ ಮನೆ ನಂಬರು ಬರೆಯಬೇಕಿತ್ತು.

“ನಮಗಿನ್ನೂ ನಂಬರ್ ಕೊಟ್ಟಿಲ್ಲ ಸಾರ್.”

“ನಕ್ಷೆ ನೋಡಿ ಕೊಡ್ತಾರೆ,” ಎಂದು ಸಾಹೇಬರು ಟೀ ಲೋಟ ನನ್ನತ್ತ ತಳ್ಳಿದರು. “ಇದನ್ನ ತೊಳಿ.”

ಸಂಜೆ ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ. ಮೀನಿನ ಮುಳ್ಳು ಚುಚ್ಚಿ ಊದಿಕೊಂಡ ಬೆರಳುಗಳನ್ನು ಅಮ್ಮ ಕೊಡದ ನೀರಿನಲ್ಲಿ ಅದ್ದಿ ಕೂತಿದ್ದಳು.

“ನಿಂಗೆ ಬಾಯಿ ಇರ್ಲಿಲ್ವಾ? ಅಲ್ಲೇ ನಿಂತು ಹೇಳ್ಬಾರ್ದಿತ್ತಾ?”

“ಹೇಳ್ದೆ.”

“ಯಾರಿಗೆ ಹೇಳ್ದೆ, ನಿನ್ನ ಕಾಲುಬೆರಳಿಗಾ?”

ಬಲೆ ಹೊಲಿಯುವ ಮಾವ ತಲೆ ಎತ್ತಿ ಸೂರುಗಳನ್ನು ನೋಡಿದ. “ಈಗ್ಲೇ ಎಲ್ಲ ಟಾರ್ಪಾಲು ಕಿತ್ತು ಬಿಸಾಕಿದ್ರೆ?”

“ಚಿತ್ರ ತೆಗೆದು ಎರಡು ತಿಂಗಳಾಯ್ತಂತೆ ಮಾವ. ಇನ್ನು ತೆಗೆಯಲ್ವಂತೆ.”

“ಅಂದ್ರೆ ಎರಡು ತಿಂಗಳಿಂದ ನಾವು ಮುಳುಗಿದೀವಿ, ನಮಗೇ ಗೊತ್ತಿಲ್ಲ.”

ಬಂದರಿನಲ್ಲಿ ಐಸ್ ಒಡೆಯುವ ಅಜ್ಜಿ ಬಾಯೊಳಗಿದ್ದುದನ್ನು ಉಗಿದಳು. “ನನ್ನನ್ನೇ ನೀರು ಅಂದ್ನಾ ಆ ಬಡ್ಡಿಮಗ? ಇಲ್ಲಿ ಕರ್ಕೊಂಡು ಬಾ ಅವನ್ನ. ಮೂವತ್ತು ವರ್ಷ ಐಸ್ ಒಡೆದ ಕೈ ಇದು. ನೀರು ಎಷ್ಟು ಗಟ್ಟಿ ಇರುತ್ತೆ ಅಂತ ಅವನ ಬೆನ್ನ ಮೇಲೆ ತೋರಿಸ್ತೀನಿ.”

“ಅವ್ರು ಬರಲ್ಲ ಅಜ್ಜಿ.”

“ಹಾಗಾದ್ರೆ ನಾವೇ ಹೋಗೋಣ. ನಮಗೇನು ಕಾಲಿಲ್ವಾ?”

ಮರುದಿನ ಕೇರಿಯ ಹೆಂಗಸರು ಕೆಲಸ ಮುಗಿಸಿ ಬಂದರಿನಿಂದ ನೇರವಾಗಿ ಕಚೇರಿಗೇ ಬಂದರು. ಬಟ್ಟೆಯಲ್ಲಿ ಮೀನಿನ ಹುರುಪೆ, ಮಂಡಿಯವರೆಗೂ ಒದ್ದೆ. ಗೇಟಿನಲ್ಲೇ ತಡೆದರು. “ಈ ನಾತ ಹೊತ್ಕೊಂಡು ಒಳಗೆ ಬಿಡೋಕೆ ಇದೇನು ಸಂತೆನಾ?” ಎಂದು ಕಾವಲಿನವನು ಕೋಲು ಅಡ್ಡ ಹಿಡಿದದ್ದು ಕಿಟಕಿಯಿಂದ ಕಾಣುತ್ತಿತ್ತು. ಅವನ ತಂಗಿಯೂ ಮೀನು ಆರಿಸುವವಳೇ.

ಸಭೆಯ ಕೋಣೆಯಲ್ಲಿ ನಕ್ಷೆಯನ್ನು ಉದ್ದ ಮೇಜಿನ ಮೇಲೆ ಹಾಸಿದ್ದರು. ದೊಡ್ಡ ಸಾಹೇಬರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು.

“ಏನ್ರೀ ಇದು ವಾಸ್ನೆ?”

“ಬಂದರಿನ ಹೆಂಗಸ್ರು ಸಾರ್. ಏನೋ ಗಲಾಟೆ. ಕಳಿಸ್ತಿದಾರೆ.”

“ಎಲ್ಲಿರೋರು ಇವ್ರೆಲ್ಲ?”

ನಕ್ಷೆ ಸಾಹೇಬರು ಒಂದು ಕ್ಷಣವೂ ಯೋಚಿಸಲಿಲ್ಲ. “ಅಲ್ಲಿ ಇಲ್ಲಿ ಸಾರ್. ಇವ್ರಿಗೆಲ್ಲ ಇಂಥದೇ ಜಾಗ ಅಂತ ಇರಲ್ಲ.”

ಅಕ್ಕ ಕಿಟಕಿಯ ಕಡೆ ತಿರುಗಿಕೊಂಡರು.

ನಾನು ಟೀ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆಯನ್ನು ನೆಲದ ಮೇಲಿಟ್ಟೆ. ಸಹಿಗೆಂದು ಮುಚ್ಚಳ ತೆಗೆದಿಟ್ಟಿದ್ದ ದಪ್ಪ ಕಪ್ಪು ಪೆನ್ನನ್ನು ಎತ್ತಿಕೊಂಡು ಮೇಜಿನ ಮೇಲೆ ಬಾಗಿದೆ.

ಮೊದಲು ನಲ್ಲಿ ಬರೆದೆ. ನಮ್ಮಲ್ಲಿ ಯಾವ ಮನೆ ಎಲ್ಲಿ ಎಂದು ನಲ್ಲಿಯಿಂದಲೇ ಹೇಳುವುದು. ನಲ್ಲಿಯ ಎದುರು ಐಸ್ ಅಜ್ಜಿ, ಅವಳ ಗೋಡೆಗೆ ಅಂಟಿ ಬಲೆ ಮಾವ. ಅಲ್ಲಿಂದ ಮೂರನೆಯದು ನಮ್ಮದು. ಅಮ್ಮ, ನಾನು, ತಮ್ಮ. ಪಕ್ಕದಲ್ಲಿ ಬಾಣಂತಿ, ಹನ್ನೊಂದು ದಿನದ ಮಗು. ಅದಕ್ಕಿನ್ನೂ ಹೆಸರಿಟ್ಟಿಲ್ಲ, ಮಗು ಎಂದೇ ಬರೆದೆ.

“ಏಯ್. ಏಯ್, ಏನ್ ಮಾಡ್ತಿದೀಯ? ತಲೆ ಕೆಟ್ಟಿದೆಯಾ ನಿಂಗೆ?”

ನಕ್ಷೆ ಸಾಹೇಬರು ನನ್ನ ಜಡೆ ಹಿಡಿದು ಎಳೆದರು. ಮೇಜಿನ ಅಂಚನ್ನು ಎಡಗೈಯಿಂದ ಹಿಡಿದುಕೊಂಡೆ. ಬಲಗೈ ನಿಲ್ಲಿಸಲಿಲ್ಲ. ನನ್ನ ಅಕ್ಷರ ಎಂಟನೇ ಕ್ಲಾಸಿನ ದುಂಡು ಅಕ್ಷರ, ದೂರದಿಂದಲೂ ಓದಬಹುದು. ಕೊಳಾಯಿ ರಿಪೇರಿಯವನು. ಕುಂಟ ಚಿಕ್ಕಪ್ಪ. ಬುಟ್ಟಿ ಹೆಣೆಯುವ ಅಕ್ಕತಂಗಿಯರು.

“ಕಾವಲಿನವನನ್ನ ಕರೀರಿ,” ಎಂದರು ಯಾರೋ.

“ಅವನು ಗೇಟಲ್ಲಿದಾನೆ ಸಾರ್. ಬಿಟ್ಟು ಬಂದ್ರೆ ಅವ್ರೆಲ್ಲ ಒಳಗೆ ನುಗ್ತಾರೆ.”

ನಲವತ್ತಮೂರನೆಯ ಮನೆ ಬರೆದು ಮುಗಿಸುವಾಗ ದೊಡ್ಡ ಸಾಹೇಬರು ಎದ್ದು ನಿಂತು, ಉಳಿದ ನೀಲಿಯ ಮೇಲೆ ಎರಡೂ ಅಂಗೈ ಊರಿದರು. ಉಂಗುರ ಹಾಕಿದ ಬೆರಳುಗಳು ಅಗಲವಾಗಿ ಹರಡಿಕೊಂಡವು. ನಕ್ಷೆ ಸಾಹೇಬರು ನನ್ನ ಜಡೆ ಬಿಟ್ಟರು.

ನಾನು ಪೆನ್ನು ಎತ್ತಿ ಹಿಡಿದು ಕಾದೆ. ಆಮೇಲೆ ಅವರ ಮುಖ ನೋಡಿಯೇ ಕೇಳಿದೆ.

“ಸಾರ್, ಕೈ ಸ್ವಲ್ಪ ಆಚೆ ಇಡಿ. ಇನ್ನೂ ಹತ್ತೊಂಬತ್ತು ಮನೆ ಇವೆ.”