ಏನೋ ವಿಶೇಷ ಇದೆ

ನಗು ಮಾಸ್ಟರ್ ಬಂದ ವಾರವೇ ಮೇಟ್ರನ್ ನಗಲು ಶುರುಮಾಡಿದರು. ಅದೇ ಗುಬ್ಬಿಗೆ ಸರಿ ಕಾಣಲಿಲ್ಲ.

ಗುಬ್ಬಿ ಐಸಿಯುವಿನ ಅತಿ ಚಿಕ್ಕ ಸಿಸ್ಟರ್. ಎತ್ತರದಲ್ಲೂ ಚಿಕ್ಕವಳು, ಸರ್ವಿಸಿನಲ್ಲೂ. ಕೆಲಸ ಗುತ್ತಿಗೆಯದು, ಖಾಯಂ ಆಗುವವರ ಹೆಸರು ಇನ್ನೇನು ಹೊರಬೀಳಬೇಕು. ಇಂಥ ಹೊತ್ತಿನಲ್ಲಿ ಅವಳು ಗರ್ಭಿಣಿ. ಹೋದ ವರ್ಷ ಹೀಗೇ ಆದವಳೊಬ್ಬಳ ತಲೆ ಸವರಿ, ಮನೆಯಲ್ಲಿ ಆರಾಮಾಗಿರು ಎಂದು ಬಾಗಿಲು ತೋರಿಸಿದ್ದರು. ಹಾಗಾಗಿ ವಿಷಯ ಗೊತ್ತಿದ್ದದ್ದು ಗಂಡನೊಬ್ಬನಿಗೆ. ವಾಂತಿ ಬಂದಾಗ ನಲ್ಲಿಯನ್ನು ಜೋರಾಗಿ ತಿರುಗಿಸಿ ಸದ್ದು ಮುಚ್ಚುತ್ತಿದ್ದಳು.

ಸಿಸ್ಟರುಗಳು ನಗು ಮಾಸ್ಟರ್ ಎಂದು ಹೆಸರಿಟ್ಟಿದ್ದ ಈ ತರಬೇತುದಾರರನ್ನು ಕರೆಸಿದ್ದು ಆಸ್ಪತ್ರೆಯ ಮ್ಯಾನೇಜ್‌ಮೆಂಟ್. ದಣಿದು ಕೆಲಸ ಬಿಡುತ್ತಿರುವ ಸಿಸ್ಟರುಗಳಿಗೆ ಬದುಕಿನ ಒಳ್ಳೆಯದನ್ನು ಗುರುತಿಸಲು ಕಲಿಸಿದರೆ ಅವರು ನಿಂತಾರು ಎಂಬ ಆಸೆ. ಡ್ಯೂಟಿ ಮುಗಿಸಿದವರು ಸುತ್ತ ಕೂತು, ಆ ದಿನದ ಒಂದು ಒಳ್ಳೆಯ ಸಂಗತಿ ಹೇಳಬೇಕು.

"ಕ್ಯಾಂಟೀನಿಂದ ಬಂದಾಗ ಊಟ ಬಿಸಿಯಾಗಿತ್ತಂತೆ," ಎಂದರು ಎಲ್ಲರಿಗಿಂತ ಹಿರಿಯ ಸಿಸ್ಟರ್. ಅವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. "ನಾನು ತಿನ್ನೋ ಹೊತ್ತಿಗೆ ಇರ್ಲಿಲ್ಲ. ಆದ್ರೂ ಸುದ್ದಿ ಒಳ್ಳೇದೇ ತಾನೆ."

ಎಲ್ಲರೂ ನಕ್ಕರು. ಮಾಸ್ಟರ್ ಅದನ್ನೂ ಮೆಚ್ಚಿಕೊಂಡರು.

ಗುಬ್ಬಿ ನಗಲಿಲ್ಲ. ನಿನ್ನೆ ಅಕ್ಕ ತನ್ನ ಪಾಲಿನ ಕಿತ್ತಳೆಯಲ್ಲಿ ಅರ್ಧ ಕೊಟ್ಟದ್ದೇಕೆ? ಭಾರದ ರೋಗಿಯ ಮಗ್ಗುಲು ಬದಲಿಸುವಾಗ ಆಯಾ "ನೀವು ಬಿಡಿ, ನಾನೇ ಎಳೀತೀನಿ" ಅಂದದ್ದೇಕೆ? ಮಾಸ್ಟರ್ ಹೇಳಿದಂತೆ ಒಳ್ಳೆಯದನ್ನು ಗುರುತಿಸುತ್ತ ಹೋದಷ್ಟೂ ಇವರಿಗೆಲ್ಲ ಗೊತ್ತಾಗಿಬಿಟ್ಟಿದೆ ಎಂಬ ಅವಳ ಅನುಮಾನ ಗಟ್ಟಿಯಾಯಿತು. ಮೊದಲೇ ವಾಸಿ, ಬೈದರೆ ಅದು ಬರೀ ಬೈಗುಳವಾಗಿತ್ತು.

ಅವಳ ಸರದಿ ಬಂತು.

"ಏನೂ ವಿಶೇಷ ಇಲ್ಲ ಸರ್."

ಜ್ವರ ಏರಿಲ್ಲ, ರಕ್ತ ಸೋರಿಲ್ಲ, ಯಾರೂ ಹೋಗಿಲ್ಲ. ವಾರ್ಡಿನ ಭಾಷೆಯಲ್ಲಿ ಅದಕ್ಕಿಂತ ಒಳ್ಳೆಯ ಸಂಗತಿ ಬೇರೆ ಇಲ್ಲ. ಹೊರಗಿನವರಾದ ಮಾಸ್ಟರಿಗೆ ಅದು ತಿಳಿಯದು.

"ಹಾಗನ್ಬೇಡಿ. ನಿಮ್ಮ ಮುಖಾನೇ ಹೇಳ್ತಿದೆ," ಎಂದು ಅವರು ಮೇಟ್ರನ್ ಕಡೆ ನೋಡಿ ನಕ್ಕರು. "ಏನೋ ವಿಶೇಷ ಇದೆ."

ಮದುವೆಯಾದ ಹೆಣ್ಣಿಗೆ ಆ ಮಾತಿನ ಅರ್ಥ ಒಂದೇ.

"ಯಾರು ಹೇಳಿದ್ದು ನಿಮಗೆ?" ಗುಬ್ಬಿ ಎದ್ದು ನಿಂತಿದ್ದಳು. "ಅಕ್ಕಾ, ನೀವಾ?"

"ನನಗೆ ಗೊತ್ತೇ ಇರ್ಲಿಲ್ಲ ಕಣೇ," ಎಂದರು ಅಕ್ಕ, ಮೆಲ್ಲಗೆ. "ಈಗ ಗೊತ್ತಾಯ್ತು."

"ಏನು ಗೊತ್ತಾಯ್ತು?" ಎಂದರು ಮಾಸ್ಟರ್.

ಮೇಟ್ರನ್ ಕನ್ನಡಕ ಸರಿಮಾಡಿಕೊಂಡರು. "ನಾಳೆ ನನ್ನ ರೂಮಿಗೆ ಬಾ. ಮಾತಾಡೋಣ."

"ಇಲ್ಲೇ ಮಾತಾಡಿ ಮೇಡಂ."

"ಎಲ್ಲಾನೂ ಎಲ್ಲರೆದುರು ಮಾತಾಡೋಕಾಗುತ್ತಾ?"

"ಒಳ್ಳೇ ಸಂಗತಿಯಾದ್ರೆ ಇಲ್ಲೇ ಹೇಳಬೇಕಲ್ವಾ? ಸರ್ ಹೇಳಿದ್ದಾರೆ."

ಮಾಸ್ಟರ್ ತಲೆಯಾಡಿಸಿದರು, ಯಾವುದಕ್ಕೆಂದು ಅವರಿಗೇ ತಿಳಿದಿರಲಿಲ್ಲ.

"ಖಾಯಂಗೆ ನಿನ್ನ ಹೆಸರು ನಿನ್ನೆಯೇ ಕಳಿಸಿದ್ದೀನಿ," ಎಂದರು ಮೇಟ್ರನ್.

ಯಾರೋ ಉಸಿರುಬಿಟ್ಟರು. ಗುಬ್ಬಿ ಕೂರಲಿಲ್ಲ.

"ಈಗ ವಿಷಯ ಗೊತ್ತಾಯ್ತಲ್ಲ, ಅದನ್ನ ವಾಪಸ್ ತರಿಸ್ಕೋತೀರಾ ಮೇಡಂ?"

ಮೇಟ್ರನ್ ಹಿಂಜರಿದರು. ಅವರು ಹಿಂಜರಿದದ್ದನ್ನು ಎಲ್ಲರೂ ನೋಡಿದರು. ನೋಡುತ್ತಿದ್ದಾರೆಂಬುದು ಮೇಟ್ರನ್ನಿಗೂ ಗೊತ್ತಾಯಿತು.

"ಇಲ್ಲ, ತರಿಸಲ್ಲ," ಎಂದರು.

"ಇನ್ನೊಂದ್ಸಲ ಹೇಳಿ ಮೇಡಂ," ಎಂದಳು ಗುಬ್ಬಿ. "ಆ ಕಡೆ ಕೂತವರಿಗೆ ಕೇಳಿಸ್ಲಿಲ್ಲ."