ಮೊರೊವಾರಿನ ಬಿದಿರುಚಾಪೆ

ಮುರ್ತಿನಿ ಹುಟ್ಟಿದ್ದು ಕಡಲಂಚಿನ ಮೊರೊವಾರಿನಲ್ಲಿ, ನಮ್ಮ ಮನೆಯ ಎದುರು ಸಾಲಿನಲ್ಲಿ. ತಾಯಿ ಬೇಗ ತೀರಿಕೊಂಡದ್ದರಿಂದ ಅವಳನ್ನು ಸಾಕಿ ಓದಿಸಿದವನು ತಾಯಿಯ ಅಣ್ಣ ಸರ್ಪಾನಿ. ಜಿಲ್ಲಾ ಪಟ್ಟಣದ ಸಹಕಾರ ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸರ್ಕಾರದ ದೊಡ್ಡ ದೊಡ್ಡ ಕಾಮಗಾರಿಗಳಲ್ಲಿ ಸಣ್ಣಪುಟ್ಟ ಕಸುಬಿನವರಿಗೂ ಒಂದು ಪಾಲು ಸಿಗುವಂತೆ ಮಾಡುವುದು ಅವಳ ಹೊಣೆ. ಮರಳು ಲಾರಿಯವರು, ಕಮ್ಮಾರರು, ಕೂಲಿಗಳಿಗೆ ಬುತ್ತಿ ಕಟ್ಟಿಕೊಡುವ ಹೆಂಗಸರು, ಇಂಥವರನ್ನು ಕೂರಿಸಿಕೊಂಡು ಟೆಂಡರ್ ಎಂದರೇನು, ದರ ಹೇಗೆ ಹೇಳಬೇಕು, ಕಂಪನಿಯವರೆದುರು ಹೇಗೆ ಕೂರಬೇಕು ಎಂಬುದನ್ನು ಹೇಳಿಕೊಡುತ್ತಿದ್ದಳು. ತಲೆ ತಗ್ಗಿಸಿದರೆ ದರವೂ ತಗ್ಗುತ್ತದೆ ಎನ್ನುವುದು ಅವಳು ಎಲ್ಲರಿಗೂ ಹೇಳುತ್ತಿದ್ದ ಮಾತು.

ಸರ್ಪಾನಿಯದು ಬಿದಿರಿನ ಕಸುಬು. ಮೀನುಕೆರೆಗಳ ಕಾವಲು ಗುಡಿಸಲು, ಚಿಪ್ಪುಮೀನು ಸಾಕುವ ತೆಪ್ಪ, ಬೇಲಿ, ಕೋಳಿಗೂಡು, ಎಲ್ಲ ಅವನ ಅಂಗಳದಿಂದಲೇ ಹೋಗುತ್ತಿದ್ದವು. ಆದರೆ ಕಡಲು ವರ್ಷ ವರ್ಷ ಒಳಗೆ ಬರುತ್ತಿತ್ತು. ಕೆರೆಗಳ ಬದು ಒಂದೊಂದಾಗಿ ಕರಗಿ, ಸಾಕಿದ ಬಂಡೆಂಗ್ ಮೀನು ಕಡಲಿನ ಪಾಲಾಗುತ್ತಿತ್ತು. ಕೆರೆಯೇ ಇಲ್ಲದ ಮೇಲೆ ಕಾವಲು ಗುಡಿಸಲು ಯಾರಿಗೆ ಬೇಕು? ಉಬ್ಬರದ ದಿನ ನಮ್ಮ ಬೀದಿಯಲ್ಲಿ ಕಣಕಾಲು ಮುಳುಗುವಷ್ಟು ನೀರು. ಅದಕ್ಕೆ ನಾವು ಒಗ್ಗಿಹೋಗಿದ್ದೆವು. ಮಣ್ಣು ಹಾಕಿ ನೆಲ ಎತ್ತರಿಸುತ್ತ ಎತ್ತರಿಸುತ್ತ ಕೆಲವರ ಮನೆಯಲ್ಲಿ ಸೂರು ತಲೆಗೆ ತಾಗುತ್ತಿತ್ತು.

ಹಾಗಿರುವಾಗ ಕಡಲಿಗೆ ಗೋಡೆ ಕಟ್ಟುತ್ತಾರೆ, ಗೋಡೆಯ ಮೇಲೆ ಹೆದ್ದಾರಿ ಬರುತ್ತದೆ ಎಂಬ ಸುದ್ದಿ ಬಂತು. ಗೋಡೆ ನಮ್ಮ ಊರಿನ ಆಚೆ, ಕಡಲಲ್ಲೇ ಹಾದುಹೋಗುವುದೆಂದೂ ಮೊರೊವಾರು ಒಳಗೆ ಉಳಿಯುವುದೆಂದೂ ಹೇಳಿದ್ದರು. ಹೆಂಗಸರು ಆಗಲೇ ಅಂಗಳದಲ್ಲಿ ಮೆಣಸಿನ ಗಿಡ ಹಾಕುವ ಮಾತಾಡತೊಡಗಿದರು.

ಒಂದು ಶುಕ್ರವಾರ ಮುರ್ತಿನಿ ಬಂದಳು. ಸರ್ಪಾನಿ ಜಗುಲಿಯಲ್ಲಿ ಬಿದಿರು ಸೀಳುತ್ತಿದ್ದ. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ಪಾಕ್‌ಡೆ, ಗೋಡೆ ಕೆಳಗೆ ಬಿದಿರು ಹಾಸ್ತಾರಂತೆ," ಎಂದಳು. ತಾಯಿಯ ಅಣ್ಣನನ್ನು ನಮ್ಮಲ್ಲಿ ಕರೆಯುವುದು ಹಾಗೆ. "ಕೆಸರು ಬಹಳ ಆಳ ಇದೆಯಂತೆ. ಬರೀ ಕಲ್ಲು ಹಾಕಿದ್ರೆ ಹೂತು ಹೋಗುತ್ತೆ. ಅದಕ್ಕೇ ಬಿದಿರಿನ ಚಾಪೆ ಕಟ್ಟಿ, ತೇಲಿಸ್ಕೊಂಡು ಹೋಗಿ ಮುಳುಗಿಸ್ತಾರೆ."

"ಯಾರ ಬಿದಿರು?"

"ಅದಕ್ಕೇ ಬಂದೆ. ಯಾರದೋ ಯಾಕಾಗ್ಬೇಕು?"

ಸರ್ಪಾನಿ ನಕ್ಕ. "ಕೋಳಿಗೂಡು ಕಟ್ಟೋನ ಕೈಲಿ ಹೆದ್ದಾರಿ ಕಟ್ಟಿಸ್ತೀಯಾ, ನೋಕ್?" ನಲವತ್ತು ದಾಟಿದ್ದರೂ ಅವಳು ಅವನಿಗೆ ನೋಕ್, ಪುಟ್ಟಿ.

ಒಬ್ಬ ಸರ್ಪಾನಿಯಿಂದ ಆಗುವ ಕೆಲಸ ಅದಾಗಿರಲಿಲ್ಲ. ಸುತ್ತಲಿನ ಬಿದಿರಿನವರೆಲ್ಲ ಸೇರಿ ಒಂದು ಸಂಘ ಮಾಡಬೇಕಿತ್ತು. ಅವರಲ್ಲಿ ಜುಂಬಾದಿಯೂ ಒಬ್ಬ. ಯಾವುದೋ ತೆಪ್ಪದ ಜಗಳದಿಂದ ಅವನಿಗೂ ಸರ್ಪಾನಿಗೂ ಮಾತು ಬಿಟ್ಟುಹೋಗಿತ್ತು. ಮುರ್ತಿನಿ ಇಬ್ಬರನ್ನೂ ನಮಾಜಿನ ಕಟ್ಟೆಯ ಮೇಲೆ ಒಂದೇ ತಟ್ಟೆಯ ಅನ್ನಕ್ಕೆ ಕೂರಿಸಿದಳು. ಮಾತಾಡದಿದ್ದರೂ ಪರವಾಗಿಲ್ಲ, ಜೊತೆಗೆ ಕೆಲಸ ಮಾಡಿ ಎಂದಳು. ಊಟ ಮುಗಿಯುವಷ್ಟರಲ್ಲಿ ಬಿದಿರು ಎಲ್ಲಿಂದ ತರಿಸುವುದೆಂದು ಅವರಿಬ್ಬರೂ ಜಗಳ ಶುರುಮಾಡಿದ್ದರು. ಅಲ್ಲಿಗೆ ಮಾತು ಕೂಡಿತು.

ಗೋಡೆ ಕಟ್ಟುವ ಕಂಪನಿಯವರು ಒಪ್ಪಲು ಸಿದ್ಧರಿರಲಿಲ್ಲ. ದೊಡ್ಡ ಕೆಲಸ ಮಾಡಿದ ಅನುಭವ ತೋರಿಸಿ ಎಂದರು. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಎಂದು ಮುರ್ತಿನಿ ಕೇಳಿದಳು. ಕಾಮಗಾರಿ ಹಾದುಹೋಗುವ ಊರುಗಳ ಸಣ್ಣ ಸಂಘಗಳಿಗೆ ಒಂದಿಷ್ಟು ಕೆಲಸ ಬಿಟ್ಟುಕೊಡಬೇಕೆಂಬ ನಿಯಮವನ್ನು ಹಿಡಿದುಕೊಂಡು ಅವರ ಕಚೇರಿಗೆ ಅಲೆದಳು. ಬಾಗಿಲ ಕಾವಲುಗಾರನಿಗೆ ಅವಳ ಸ್ಕೂಟರಿನ ಸದ್ದೇ ಗುರುತಾಗಿಬಿಟ್ಟಿತ್ತು. ಕೊನೆಗೆ ಅವರು, ಒಂದು ಚಾಪೆ ಕಟ್ಟಿ ತೋರಿಸಿ, ಆಮೇಲೆ ನೋಡೋಣ ಎಂದರು.

ನಮ್ಮ ಮೊದಲ ಚಾಪೆ ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಿಚ್ಚಿಕೊಂಡಿತು. ಬಿದಿರುಗಳು ದಿಕ್ಕಾಪಾಲಾಗಿ ತೇಲಿದವು. ದೋಣಿಯಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಕಂಪನಿಯ ಯುವ ಇಂಜಿನಿಯರ್ ಗಲಿಹ್ ಮಾತ್ರ ನಗಲಿಲ್ಲ. ಪ್ಯಾಂಟು ಮಡಚಿ ಕೆಸರಿಗಿಳಿದು, ಹಗ್ಗವನ್ನು ಮೊದಲು ನೆನೆಸಿ ಎಳೆಯಬೇಕು, ಪದರ ಅಡ್ಡಡ್ಡಕ್ಕೆ ಬರುವ ಕಡೆಯೆಲ್ಲ ಮತ್ತೊಮ್ಮೆ ಬಿಗಿಯಬೇಕು ಎಂದು ತಾನೇ ಕಟ್ಟಿ ತೋರಿಸಿದ. ನಾವು ಕಲಿತೆವು. ಎರಡನೆಯ ಚಾಪೆ ಗಟ್ಟಿಯಾಗಿ ನಿಂತಿತು. ಗುತ್ತಿಗೆ ನಮ್ಮದಾಯಿತು.

ಆ ಬೇಸಿಗೆಯಷ್ಟು ಖುಷಿಯ ದಿನಗಳನ್ನು ನಾನು ಮೊರೊವಾರಿನಲ್ಲಿ ಕಂಡಿಲ್ಲ. ಬೆಟ್ಟದ ಕಡೆಯಿಂದ ಬಿದಿರಿನ ಲಾರಿಗಳು ಬರುತ್ತಿದ್ದವು. ಗಂಡಸರು ಜೋಡಿಸುವುದು, ನಾವು ಹೆಂಗಸರು ಕಟ್ಟು ಬಿಗಿಯುವುದು. ಪಟ್ಟಣದ ಕಾರ್ಖಾನೆಗಳಿಗೆ ಹೋಗಿದ್ದ ಗಂಡಸರಲ್ಲಿ ಕೆಲವರು ವಾಪಸು ಬಂದರು. ಮಧ್ಯಾಹ್ನ ಎಲೆಯಲ್ಲಿ ಸುತ್ತಿದ ಅನ್ನ, ಸೋಯಾಕಾಳಿನ ಕರಿದ ತೆಂಪೆ, ಮೆಣಸು ಅರೆದ ಸಂಬಲ್, ಎಲ್ಲ ಸೇರಿ ಉಣ್ಣುತ್ತಿದ್ದೆವು. ಸರ್ಪಾನಿ ಪ್ರತಿಯೊಂದು ಚಾಪೆಯ ಜೊತೆಗೂ ದೋಣಿಯಲ್ಲಿ ಹೋಗಿ, ಅದು ಮುಳುಗುವುದನ್ನು ನೋಡಿಯೇ ಬರುತ್ತಿದ್ದ. ಊರಿಗೆ ಹಾಸಿಗೆ ಹಾಸಿ ಬಂದೆ ಎನ್ನುತ್ತಿದ್ದ.

ಅರ್ಧ ಕೆಲಸ ಮುಗಿದಿದ್ದಾಗ ಗೋಡೆಯ ಗೆರೆ ಬದಲಾಯಿತು.

ನಮ್ಮ ಊರಿನೆದುರು ಕೆಸರು ಅಂದಾಜಿಗಿಂತ ಬಹಳ ಆಳವಾಗಿತ್ತಂತೆ. ಬಿದಿರು ಹಾಸಿದರೂ ಅಲ್ಲಿ ಗೋಡೆ ನಿಲ್ಲುವುದಿಲ್ಲ ಎಂದು ಮೇಲಿನವರು ತೀರ್ಮಾನಿಸಿ ಅಷ್ಟು ಭಾಗವನ್ನು ಮಾತ್ರ ನೆಲದ ಕಡೆಗೆ ಸರಿಸಿದ್ದರು; ಹೊಸ ಗೆರೆಗೂ ಚಾಪೆ ಬೇಕಿತ್ತು. ಮೊರೊವಾರು ಗೋಡೆಯ ಹೊರಗೆ, ಕಡಲಿನ ಪಾಲಿಗೆ ಬಿತ್ತು. ಪ್ರಾಂತ್ಯದ ರಾಜಧಾನಿಯಲ್ಲಿ ನಡೆದ ಸಭೆಯಲ್ಲಿ ಮುರ್ತಿನಿಗೆ ಇದು ತಿಳಿಯಿತು. ಅಲ್ಲೇ ಎದ್ದುನಿಂತು ಜಗಳವಾಡಿದಳಂತೆ. ಊರವರಿಗೆ ಒಳನಾಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಮಹಡಿ ಮನೆಗಳನ್ನು ಕೊಡುತ್ತೇವೆ ಎಂದು ಹೇಳಿ ಅವಳನ್ನು ಕೂರಿಸಿದರು. ಅವಳ ಕಚೇರಿಯ ಮೇಲಧಿಕಾರಿ ಊರವರಿಗೆ ಈಗಲೇ ಹೇಳಬೇಡ, ಕೆಲಸ ನಿಂತುಹೋದೀತು ಎಂದ. ಅವಳು ಸಭೆಯಿಂದ ನೇರವಾಗಿ ನಮ್ಮೂರಿಗೇ ಬಂದಳು.

ಸಂಜೆಯ ನಮಾಜಿಗೆ ಮುಂಚೆ ಎಲ್ಲರನ್ನೂ ಸೇರಿಸಿ, ನಿಂತುಕೊಂಡೇ ಹೇಳಿದಳು. ಮೊದಲು ಬಾಯಿಬಿಟ್ಟವನು ಜುಂಬಾದಿ.

"ಹಗ್ಗ ಕೊಟ್ಟವಳೂ ನೀನೇ, ಕುತ್ತಿಗೆ ತೋರಿಸಿದವಳೂ ನೀನೇ."

ಮುರ್ತಿನಿ ಎಲ್ಲರ ಕಡೆಗೂ ತಿರುಗಿದಳು. "ನೀವು ಕೆಲಸ ಬಿಟ್ರೆ ನಾನು ನಿಮ್ ಜೊತೆ ನಿಲ್ತೀನಿ. ಮಾಡಿದ್ರೂ ನಿಲ್ತೀನಿ. ಹೀಗೇ ಮಾಡಿ ಅಂತ ಇನ್ನು ನಾನು ಹೇಳಲ್ಲ."

ಎಲ್ಲರೂ ಸರ್ಪಾನಿಯ ಮುಖ ನೋಡಿದರು. ಅವನು ಅಂಗೈಯಲ್ಲಿದ್ದ ಬಿದಿರಿನ ಸಿಬಿರು ಕೀಳುತ್ತ ಕೂತಿದ್ದ.

"ಗೋಡೆ ಒಳಗೆ ಊರುಗಳಿದಾವೆ," ಎಂದ. "ಅಲ್ಲೂ ಮಕ್ಕಳಿದಾರೆ. ನಾವು ಬಿಟ್ರೆ ಬೇರೆ ಯಾರೋ ಕಟ್ತಾರೆ. ಕಟ್ಟೋದಾದ್ರೆ ನೆಟ್ಟಗೆ ಕಟ್ಟೋಣ."

"ನಿನ್ನ ದೊಡ್ಡತನ ನೀನೇ ಇಟ್ಕೋ," ಎಂದು ಜುಂಬಾದಿ ಎದ್ದುಹೋದ. ಆದರೆ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಿದಿರಿನ ರಾಶಿಯ ಹತ್ತಿರ ನಿಂತಿದ್ದವನು ಅವನೇ. ಬೇರೆ ಕೆಲಸ ಇರಲಿಲ್ಲವಲ್ಲ. ನಾವೂ ಹೋದೆವು. ಅಂದಿನಿಂದ ಊಟದ ಹೊತ್ತಿಗೆ ಎಲ್ಲ ಸೇರುವುದು ನಿಂತಿತು. ಅವರವರ ಎಲೆ ಹಿಡಿದು ಅವರವರು ನೆರಳು ಹುಡುಕುತ್ತಿದ್ದರು.

ಮುರ್ತಿನಿ ಸುಮ್ಮನಿರಲಿಲ್ಲ. ಊರಿನ ಹಿರಿಯರನ್ನು ಕರೆದುಕೊಂಡು ಒಂದರ ಮೇಲೊಂದು ಕಚೇರಿಗೆ ಅಲೆದಳು. ಒಂದು ಕಡೆ ವಯಸ್ಸಾದ ಅಧಿಕಾರಿಯೊಬ್ಬರು ಚಹಾ ತರಿಸಿ, ಮರುಕದಿಂದ ಎಲ್ಲವನ್ನೂ ಕೇಳಿಸಿಕೊಂಡು, ಬಾಗಿಲವರೆಗೂ ಬಂದು ಬೀಳ್ಕೊಟ್ಟರಂತೆ. ಗೆರೆ ಮಾತ್ರ ಇದ್ದಲ್ಲೇ ಇತ್ತು.

ಗೋಡೆ ಎದ್ದಿತು. ಒಳಗೆ ಹೋಗುತ್ತಿದ್ದ ನೀರಿಗೆ ಈಗ ಹೋಗಲು ಜಾಗವಿರಲಿಲ್ಲ. ಅದು ನಮ್ಮ ಮನೆಗಳಲ್ಲೇ ನಿಂತಿತು. ಮೊದಲು ಮೊಣಕಾಲು, ಆಮೇಲೆ ತೊಡೆ. ಇಳಿತದಲ್ಲೂ ಪೂರ್ತಿ ಹೋಗುತ್ತಿರಲಿಲ್ಲ. ಒಂದೊಂದೇ ಸಂಸಾರ ಹೆಂಚು, ಬಾಗಿಲು ಕಿತ್ತುಕೊಂಡು ದೋಣಿ ಹತ್ತಿತು. ನಮ್ಮನ್ನು ಒಳನಾಡಿನ ಮಹಡಿ ಮನೆಗಳಿಗೆ ಹಾಕಿದರು. ಸರ್ಪಾನಿ ಹೋಗಲಿಲ್ಲ. ಉಳಿದ ಬಿದಿರಿನಿಂದ ಮನೆಯೊಳಗೇ ಅಟ್ಟ ಕಟ್ಟಿಕೊಂಡು ಅದರ ಮೇಲೆ ಬದುಕತೊಡಗಿದ. ಮುರ್ತಿನಿ ಬಿಡುವಾದಾಗಲೆಲ್ಲ ದೋಣಿಯಲ್ಲಿ ಹೋಗಿ ಕರೆಯುತ್ತಿದ್ದಳು, ಅವನು ಒಲ್ಲೆ ಎನ್ನುತ್ತಿದ್ದ. ಅವನು ಒಂದು ದಿನವೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

ಒಮ್ಮೆ ನಾನೂ ಅವಳ ಜೊತೆ ಹೋಗಿದ್ದೆ. ಅವನು ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮೈ ಇಳಿದುಹೋಗಿತ್ತು, ಕೆಮ್ಮು ಹತ್ತಿತ್ತು.

"ಒಂದು ಕೇಳ್ತೀನಿ ನೋಕ್," ಎಂದ. "ಅವತ್ತು ಬಂದು ಕರೆದ್ಯಲ್ಲ, ಅದು ನಮ್ ಒಳ್ಳೇದಕ್ಕೋ, ನಿನ್ ಆಫೀಸಿನ ಹೆಸರಿಗೋ?"

ಮುರ್ತಿನಿ ದೋಣಿಯ ಅಂಚನ್ನು ಹಿಡಿದುಕೊಂಡೇ ಇದ್ದಳು. "ಎರಡಕ್ಕೂ, ಪಾಕ್‌ಡೆ."

ಅವನು ತಲೆಯಾಡಿಸಿದ. "ಬರೀ ನಿಮಗಾಗಿ ಅಂದಿದ್ರೆ ನಾನಿಲ್ಲೇ ಇರ್ತಿದ್ದೆ. ನಡಿ, ಬರ್ತೀನಿ." ಒಂದು ಚಾಪೆ, ದಿಂಬು, ಬಿದಿರು ಸೀಳುವ ಕತ್ತಿ, ಇಷ್ಟೇ ತೆಗೆದುಕೊಂಡು ದೋಣಿಗಿಳಿದ. ನಾನು ಹಿಂತಿರುಗಿ ನೋಡಿದೆ, ಅವನು ನೋಡಲಿಲ್ಲ.

ಮಹಡಿ ಮನೆಯಲ್ಲಿ ಬಿದಿರು ಚಾಚಿಡಲು ಜಾಗವಿರಲಿಲ್ಲ. ಸರ್ಪಾನಿ ದಿನವೆಲ್ಲ ಮಹಡಿಯ ಕಟಾಂಜನಕ್ಕೆ ಒರಗಿ ಲಾರಿಗಳನ್ನು ನೋಡುತ್ತ ನಿಂತಿರುತ್ತಿದ್ದ. ಅಷ್ಟರಲ್ಲಿ ಗೋಡೆಯ ಮುಂದಿನ ಭಾಗಕ್ಕೆ ಟೆಂಡರ್ ಕರೆದರು. ಈಗ ನಮಗೆ ಅನುಭವವಿತ್ತು. ನಮ್ಮ ಚಾಪೆಗಳು ಚೆನ್ನಾಗಿ ನಿಂತಿವೆ ಎಂದು ಗಲಿಹ್ ತಾನಾಗಿಯೇ ಬರೆದುಕೊಟ್ಟಿದ್ದ. ಜುಂಬಾದಿ ಮತ್ತೆ ಎಲ್ಲರನ್ನೂ ಸೇರಿಸಿದ. ಸರ್ಪಾನಿಯೂ ಕತ್ತಿ ಮಸೆಯತೊಡಗಿದ. ಮುರ್ತಿನಿ ಬೇಕಾದ ಕಾಗದಗಳನ್ನೆಲ್ಲ ಒಪ್ಪಮಾಡಿ ಸಲ್ಲಿಸಿ ಬಂದಳು.

ಸಂಘವನ್ನು ಮೊದಲ ಹಂತದಲ್ಲೇ ಕೈಬಿಟ್ಟರು. ಸಣ್ಣವರಿಗೆ ಬಿಟ್ಟ ಪಾಲು ಕಾಮಗಾರಿ ಹಾದುಹೋಗುವ ಊರಿನವರಿಗೆ ಮಾತ್ರ. ಮೊರೊವಾರು ಈಗ ಊರುಗಳ ಪಟ್ಟಿಯಲ್ಲಿ ಇರಲಿಲ್ಲ, ಜನವಸತಿಯಿಲ್ಲವೆಂದು ತೆಗೆದುಹಾಕಿದ್ದರು. ಮಹಡಿ ಮನೆಗಳಿದ್ದದ್ದು ಬೇರೆ ತಾಲೂಕಿನಲ್ಲಿ. ನಾವು ಎಲ್ಲಿಯವರೂ ಆಗಿರಲಿಲ್ಲ.

ಅದನ್ನು ಹೇಳಲು ಮುರ್ತಿನಿ ಬಂದ ದಿನ ನಾನು ಸರ್ಪಾನಿಗೆ ಗಂಜಿ ಕಾಯಿಸುತ್ತಿದ್ದೆ. ಅವನಿಗೆ ಜ್ವರ. ಅವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು, ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಅವನು ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡ.

"ಹೋಗ್ಲಿ ಬಿಡು," ಎಂದ. "ಊಟ ಮಾಡಿದ್ಯಾ?"

ಅಷ್ಟು ದಿನ ಎಲ್ಲರೆದುರೂ ಗಟ್ಟಿಯಾಗಿ ನಿಂತಿದ್ದವಳು ಆಗ ಅಲ್ಲೇ ಕುಸಿದು ಕೂತಳು. ಚಿಕ್ಕಂದಿನಲ್ಲಿ ತಾಯಿ ಸತ್ತಾಗ ಅತ್ತ ಹಾಗೆ ಅತ್ತಳು. ಸರ್ಪಾನಿ ಅವಳ ತಲೆಯ ಮೇಲೆ ಕೈಯಿಟ್ಟು, ನನಗೆ ಸನ್ನೆ ಮಾಡಿದ. ಗಂಜಿಯನ್ನು ಎರಡು ಬಟ್ಟಲಿಗೆ ಹಾಕಿಕೊಟ್ಟೆ.

ಅವನು ಮುಂದಿನ ಉಪವಾಸದ ತಿಂಗಳನ್ನು ಕಾಣಲಿಲ್ಲ. ಒಳನಾಡಿನ ಗೋರಿಸ್ಥಳದಲ್ಲಿ, ಗುರುತಿಲ್ಲದವರ ನಡುವೆ ಮಣ್ಣು ಮಾಡಿದೆವು. ಮೊರೊವಾರಿನಲ್ಲಿ, ಎಂದೋ ತೀರಿಕೊಂಡಿದ್ದ ಹೆಂಡತಿಯ ಪಕ್ಕದಲ್ಲಿ ಮಲಗಬೇಕೆಂದು ಅವನಿಗಿತ್ತು. ಆ ಜಾಗ ನೀರಿನ ಅಡಿಯಲ್ಲಿತ್ತು. ಜುಂಬಾದಿ ಎಲ್ಲರೂ ಹೋದ ಮೇಲೂ ಗೋರಿಯ ಬಳಿ ಕೂತಿದ್ದ.

ಮುರ್ತಿನಿ ಕೆಲಸ ಬಿಡುತ್ತಾಳೆಂದು ನಾವು ಅಂದುಕೊಂಡಿದ್ದೆವು. ಬಿಡಲಿಲ್ಲ. ಈಗಲೂ ಕಸುಬಿನವರು ಅವಳ ಬಳಿ ಹೋಗುತ್ತಾರೆ, ಅವಳು ಈಗಲೂ ಕಲಿಸುತ್ತಾಳೆ. ಆದರೆ ಟೆಂಡರಿನ ಮಾತಿಗೆ ಮುಂಚೆ ಅವರಿಗೆ ಕಾಮಗಾರಿಯ ನಕ್ಷೆ ಬಿಡಿಸಿ ತೋರಿಸುತ್ತಾಳಂತೆ. ಈ ಗೆರೆ ಇವತ್ತು ಇಲ್ಲಿದೆ, ನಾಳೆ ಇಲ್ಲೇ ಇರುತ್ತದೆ ಎನ್ನಲಾರೆ, ಇದರಿಂದ ನಿಮ್ಮ ಊರಿಗೆ ಏನಾಗಬಹುದೋ ಯೋಚಿಸಿ, ಆಮೇಲೆ ದರ ಹೇಳಿ ಎನ್ನುತ್ತಾಳಂತೆ. ಕೆಲವರು ಎದ್ದುಹೋಗುತ್ತಾರೆ. ಹೆಚ್ಚಿನವರು ನಕ್ಷೆಯನ್ನು ಒಂದು ಗಳಿಗೆ ನೋಡಿ, ದರದ ಮಾತಿಗೇ ಬರುತ್ತಾರೆ.