ಹನ್ನೆರಡು ಅಂಗುಲದ ಸೈನಿಕನ ಕೋಟು

ದಾಂಡೇಲಿಯ ಪೇಪರ್ ಮಿಲ್ಲಿನ ಕಾಲೊನಿಯಲ್ಲಿ ಗೋದುಬಾಯಿಯ ಹೊಲಿಗೆಗೆ ಹೆಸರಿತ್ತು. ಗಂಡ ಪುಂಡಲೀಕ ಮಿಲ್ಲಿನಲ್ಲಿ ಫಿಟರ್. ಬೆಳಗಾವಿ ಕಡೆಯಿಂದ ಮದುವೆಯಾಗಿ ಬಂದ ವರ್ಷವೇ ಅವಳು ಮಷೀನಿಗೆ ಕುಳಿತವಳು. ಇಪ್ಪತ್ತೆರಡು ವರ್ಷಗಳಲ್ಲಿ ಜಂಪರು, ಖಾಕಿ ಪ್ಯಾಂಟು, ಮದುವೆ ಸೂಟು ಎಲ್ಲವೂ ಅವಳ ಕೈಯಲ್ಲಿ ಹಾದುಹೋಗಿದ್ದವು. ಗೊಂಬೆಯ ಅಂಗಿ ಮಾತ್ರ ಬಂದಿರಲಿಲ್ಲ. ಅದೂ ಬಂದದ್ದು ೨೦೦೪ರ ಮಳೆಗಾಲದಲ್ಲಿ.

ತಂದವರು ಮಿಲ್ಲಿನ ಇಂಜಿನಿಯರ್ ಸುಭಾಷ. ನಲವತ್ತು ದಾಟಿದ ಮನುಷ್ಯ ಮುಖ ಸಣ್ಣದು ಮಾಡಿಕೊಂಡು ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಬಾಯೇರ, ಇಲಿ ಕಡದೈತ್ರಿ. ಇವಂಗ ಹೊಸಾ ಕೋಟು ಹೊಲದು ಕೊಡ್ತೀರೇನು?"

ಒಳಗೆ ಹನ್ನೆರಡು ಅಂಗುಲದ ಒಬ್ಬ ಸೈನಿಕ ಮಲಗಿದ್ದ. ಹಿಮದ ನಾಡಿನ ಹಳೆಯ ಕಾಲದ ಸೈನಿಕ. ಹಡಗಿನಲ್ಲಿ ಕೆಲಸ ಮಾಡುವ ತಮ್ಮ ಯಾವುದೋ ಬಂದರಿನಲ್ಲಿ ಕೊಂಡು ತಂದದ್ದಂತೆ. ಅದರ ಬೆಲೆ ಸುಭಾಷರ ಒಂದು ತಿಂಗಳ ಪಗಾರದಷ್ಟು ಎಂದು ಕೇಳಿ ಗೋದುಬಾಯಿಗೆ ನಗು ಬಂತು. ಇಷ್ಟು ದೊಡ್ಡ ಸಾಹೇಬರಿಗೆ ಗೊಂಬೆ ಆಟವೇ ಎಂದುಕೊಂಡಳು. ಆದರೂ ಕೈಗೆತ್ತಿಕೊಂಡಳು. ಎತ್ತಿಕೊಂಡ ಕೂಡಲೇ ನಗು ನಿಂತಿತು.

ಅದಕ್ಕೆ ತೂಕವಿತ್ತು. ಮೊಣಕಾಲು ಮಡಚಿದರೆ ಮಡಚಿದಲ್ಲೇ ನಿಲ್ಲುತ್ತಿತ್ತು, ಜೋತು ಬೀಳುತ್ತಿರಲಿಲ್ಲ. ಮಣಿಕಟ್ಟು ಎಷ್ಟು ತಿರುಗಿಸಿದರೆ ಅಷ್ಟೇ ತಿರುಗುತ್ತಿತ್ತು. ಚಳಿಗೆ ಕೆಂಪಾದ ಕಣ್ಣಿನ ಅಂಚು, ಎರಡು ದಿನ ಬೋಳಿಸದ ಗಡ್ಡದ ನೆರಳು. ಬೂಟು ನಿಜವಾದ ಚರ್ಮದ್ದು. ಹಿಮ್ಮಡಿಯ ಕಡೆ ಮಾಡಿದವರು ಬೇಕೆಂದೇ ತುಸು ಸವೆಸಿದ್ದರು. ಬೆಲ್ಟಿನ ಹಿತ್ತಾಳೆಯ ಬಕಲ್ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ಅದು ಬಿಚ್ಚುತ್ತಿತ್ತು, ಮತ್ತೆ ಹಾಕಲು ಬರುತ್ತಿತ್ತು.

ಕೋಟು ಕಂಡಾಗ ಅವಳು ಕನ್ನಡಕ ಹಾಕಿಕೊಂಡಳು. ಕಂದು ಉಣ್ಣೆಯ ಉದ್ದ ಕೋಟು. ಬೆನ್ನಿನ ಮೇಲೆ ಇಲಿ ಕಡಿದ ತೂತು, ಹುಣಸೆ ಬೀಜದಷ್ಟು.

"ಇಟ್ಟು ಹೋಗ್ರಿ, ನೋಡ್ತೇನಿ," ಎಂದಳು.

ಮೊದಲು ಅವಳು ಸುಭಾಷರು ಹೇಳಿದಂತೆಯೇ ಹೊಸದು ಹೊಲಿದಳು. ಯಾರದೋ ಸೂಟಿಗೆ ತಂದು ಉಳಿದ ಒಳ್ಳೆಯ ಉಣ್ಣೆಯ ತುಂಡಿತ್ತು. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆದರೆ ಸೈನಿಕನಿಗೆ ತೊಡಿಸಿದರೆ ಕೋಟು ರಟ್ಟಿನ ಹಾಗೆ ಸೆಟೆದು ನಿಂತಿತು. ತೋಳು ಕೆಳಗಿಳಿಯಲಿಲ್ಲ. ಅಂಥ ಗಂಭೀರ ಮನುಷ್ಯ ಹಬ್ಬಕ್ಕೆ ವೇಷ ಹಾಕಿದ ಕೂಸಿನ ಹಾಗೆ ಕಂಡ.

"ಚಲೋ ಐತೆಲ್ಲ," ಎಂದ ಪುಂಡಲೀಕ.

"ಏನ್ ಚಲೋ? ಈ ಉಣ್ಣಿ ಅರಬಿ ಇವನ ಮಾತು ಕೇಳವಲ್ದು," ಎಂದು ಅವಳು ಬಿಚ್ಚಿಹಾಕಿದಳು.

ಹಳೆಯ ಕೋಟನ್ನು ಒಳಮೈ ಹೊರಗೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಆಗ ಗೊತ್ತಾಯಿತು. ಉಣ್ಣೆಯನ್ನು ಇಷ್ಟು ಸಣ್ಣ ಮೈಗೆಂದೇ ತೆಳುವಾಗಿ ನೇಯಿಸಿದ್ದರು. ಕೆಳಗಿನ ಮಡಿಕೆಯೊಳಗೆ ಕೂದಲಿನಂಥ ತಂತಿ ಇತ್ತು. ಅದಕ್ಕೇ ಕೋಟಿನ ಅಂಚು ಗಾಳಿಗೆ ಹಾರಿದ ಹಾಗೆ ನಿಲ್ಲುತ್ತಿತ್ತು. ಒಂದು ಅಂಗುಲದಲ್ಲಿ ಮೂವತ್ತು ಹೊಲಿಗೆ ಎಣಿಸಿದಳು. ಅಸ್ತರು ರೇಷ್ಮೆಯದು, ಕೋಟು ಮೈಮೇಲಿರುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಲ್ಲ. ಕಂಕುಳ ಹತ್ತಿರ ಒಂದು ಕಡೆ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಗುರುತು. ಆ ಸೂಜಿಯ ಟಾಕಿಗಳು ಎಡಕ್ಕೆ ವಾಲಿದ್ದವು.

"ಇಲ್ನೋಡ್ರಿ," ಎಂದು ಗಂಡನನ್ನು ಕರೆದಳು. "ಇದು ಮಷೀನಿಂದಲ್ಲ. ಎಡಗೈಯಾಕಿ ಯಾರೋ ಕುಂತು ಹೊಲದಾಳ. ತಪ್ಪಿದ್ದು ಗೊತ್ತಾಗಿ ಬಿಚ್ಯಾಳ. ಯಾರ್ ನೋಡ್ತಿದ್ರು ಅಲ್ಲಿ? ಆದ್ರೂ ಬಿಚ್ಯಾಳ."

ಮರುದಿನ ಸುಭಾಷ ಬಂದಾಗ ಅವಳು ನೇರವಾಗಿ ಹೇಳಿದಳು: "ಹೊಸಾದು ಹೊಲಿಯಂಗಿಲ್ರಿ ಸಾಹೇಬ್ರ. ಇದನ್ನ ತಗದ್ರ ಇವನ ಕಿಮ್ಮತ್ತು ಹೋಗತೈತಿ. ತೂತಿಗೆ ಎಳಿ ಹೆಣದು ರಫು ಮಾಡ್ತೇನಿ."

"ತಗದ್ರ ಅರ್ಧಾ ಕಿಮ್ಮತ್ತು ಹೋಗತೈತಿ, ನಂಗೂ ಗೊತ್ತೈತ್ರಿ. ಆದ್ರ ಇದರಂಥಾ ಎಳಿ ಎಲ್ಲಿ ಸಿಗಬೇಕು?"

"ಇದರಾಗ ಐತಿ."

ಎಳೆಗಳನ್ನು ಅವಳು ಕೋಟಿನ ಹೊಲಿಗೆಯೊಳಗೆ ಮಡಚಿಟ್ಟ ಅಂಚಿನಿಂದಲೇ ಬಿಡಿಸಿದಳು. ಒಂದೊಂದನ್ನೇ, ಉಸಿರು ಹಿಡಿದು. ಬೆಳಗಿನ ಬೆಳಕಿನಲ್ಲಿ ಮಾತ್ರ ಕೆಲಸ. ಮೋಡ ಕವಿದರೆ ಸೂಜಿ ಕೆಳಗಿಡುತ್ತಿದ್ದಳು. ಮೂರನೆಯ ದಿನ ಎರಡು ಎಳೆ ತುಂಡಾದವು. ನೆಟ್ಟಗಿನ ಎಳೆ ಮುಗಿಸಿ ಅಡ್ಡ ಎಳೆಗಳನ್ನು ಮೇಲೆ ಕೆಳಗೆ ಹೆಣೆಯುತ್ತ ಹೋದಂತೆ ತೂತು ಸಾಸಿವೆಯಷ್ಟಾಯಿತು, ಆಮೇಲೆ ಇಲ್ಲವಾಯಿತು. ಎಂಟನೆಯ ದಿನ ಕೋಟು ತೊಡಿಸಿದಾಗ ಅದು ಸೈನಿಕನ ಬೆನ್ನಿಗೆ ಅಂಟಿ, ಕಾಲಿನ ಬಳಿ ಹಾರಿ ನಿಂತಿತು. ಗೋದುಬಾಯಿ ಸುಮ್ಮನೆ ನೋಡುತ್ತ ಕುಳಿತಳು. ಒಲೆಯ ಮೇಲಿಟ್ಟ ಅನ್ನ ಸೀದ ವಾಸನೆ ಬಂದಾಗಲೇ ಎದ್ದಳು.

ಸುಭಾಷರ ಗೆಳೆಯ ಡಾಕ್ಟರ್ ಅಂದಾನೆಪ್ಪ ಹುಬ್ಬಳ್ಳಿಯಲ್ಲಿ ಹಲ್ಲಿನ ವೈದ್ಯರು. ಇಂಥ ಸೈನಿಕ ಗೊಂಬೆಗಳು ಅವರ ಬಳಿ ಮೂವತ್ತಿದ್ದವು. ಮುಂದಿನ ರವಿವಾರ ಅವರು ಸುಭಾಷರ ಮನೆಗೆ ಬಂದರು. ಸುಭಾಷ ಇಲಿ ಕಡಿದದ್ದು ಎಲ್ಲೆಂದು ಹೇಳದೆ ಸೈನಿಕನನ್ನು ಅವರ ಮುಂದೆ ನಿಲ್ಲಿಸಿ, ಗೋದುಬಾಯಿಯನ್ನೂ ಕರೆಸಿದರು. ಡಾಕ್ಟರು ಹಲ್ಲು ನೋಡುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು.

"ಎಲ್ಲಿ ಕಡದಿತ್ತು ಅಂದಿ?"

ಸುಭಾಷ ನಕ್ಕರು. ಗೋದುಬಾಯಿ ನಗಲಿಲ್ಲ. ಮುಂದೆ ಬಂದು, ಕೋಟು ಬಿಚ್ಚಿ, ಅಸ್ತರು ಸರಿಸಿ, ಸೂಜಿಯ ತುದಿಯಿಂದ ತೋರಿಸಿದಳು. "ಇಲ್ಲೇ ನೋಡ್ರಿ. ಒಳಗಿನ ಅಂಚಿನ ಎಳಿ ತಗದು ಹೆಣದೇನಿ, ಅಂಚು ಅಷ್ಟು ಕಡಿಮಿ ಐತಿ. ನಾಳೆ ಯಾರಿಗರೆ ಕೊಡೂದಾದ್ರ ಇದನ್ನ ಹೇಳೇ ಕೊಡ್ರಿ."

ಡಾಕ್ಟರು ಭೂತಗನ್ನಡಿ ತೆಗೆದು ಅವಳ ಬೆರಳುಗಳನ್ನು ನೋಡಿದರು. "ಮೂವತ್ತು ಅದಾವ್ರಿ ನನ್ನ ಹತ್ತರ. ಇಂಥಾ ಕೈ ಮುಟ್ಟಿದ್ದು ಒಂದೂ ಇಲ್ಲ. ಏನ್ ತಗೊಂಡ್ರಿ ಇದಕ್ಕ?"

"ಇನ್ನೂ ಹೇಳಿಲ್ರಿ." ಗೋದುಬಾಯಿ ಸೆರಗು ಸರಿಮಾಡಿಕೊಂಡಳು. ಬರುವಾಗ ಒಂದು ಜಂಪರಿನ ಕೂಲಿ ಕೇಳಿದರಾಯಿತು ಎಂದುಕೊಂಡು ಬಂದಿದ್ದಳು. "ಎಂಟು ದಿನದ ಕೆಲಸರಿ. ಮಿಲ್ಲಿನಾಗ ಫಿಟರಗೆ ಎಂಟು ದಿನಕ್ಕ ಏನ್ ಕೊಡ್ತಾರೋ, ಅದನ್ನ ಕೊಡ್ರಿ."

ಸುಭಾಷ ಒಳಗೆ ಹೋಗಿ ಹಣ ತಂದು ಎರಡೂ ಕೈಯಲ್ಲಿ ಕೊಟ್ಟರು. ಡಾಕ್ಟರು ಅಲ್ಲೇ ಚೀಟಿಯ ಮೇಲೆ ಅವಳ ವಿಳಾಸ ಬರೆದುಕೊಂಡರು. ಹದಿನೈದು ದಿನಕ್ಕೆ ಹುಬ್ಬಳ್ಳಿ ಬಸ್ಸಿನಲ್ಲಿ ಡಾಕ್ಟರು ಕಳಿಸಿದ, ಹತ್ತಿ ಸುತ್ತಿದ ಒಂದು ಪೆಟ್ಟಿಗೆ ಬಂತು. ಒಳಗೆ ಗೊಂಬೆ ಕುದುರೆಯ ಅಂಗೈಯಗಲದ ಜೀನು, ಹರಿದ ಚರ್ಮದ್ದು.

"ಚರ್ಮದ ಕೆಲಸ ನಿಂಗ ಬರತೈತೇನು?" ಎಂದು ಪುಂಡಲೀಕ ಕೇಳಿದ.

"ಕಲೀತೇನಿ," ಎಂದಳು ಗೋದುಬಾಯಿ, ಆಗಲೇ ಅದನ್ನು ಕಿಟಕಿಯ ಕಡೆಗೆ ಒಯ್ಯುತ್ತ.